ಮೇಲಕ್ಕೆ ನಿಂತ ಬಾಣಗಳು

ಆ ಕಚೇರಿಯಲ್ಲಿ ಗಂಡ ಹೆಂಡತಿ ಎದುರುಬದುರು ಮೇಜಿನಲ್ಲಿ ಕೂರುತ್ತಿದ್ದರು. ಕಾರ್ಖಾನೆಗಳ ಪೈಪುಗಳು ಎಷ್ಟು ಭಾರ ತಡೆಯುತ್ತವೆಂದು ಅವನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ಅವಳು ಅದನ್ನೂ ಅದರ ಡ್ರಾಯಿಂಗನ್ನೂ ತಪಾಸಣೆ ಮಾಡಿ ಸಹಿ ಹಾಕುವುದು. "ಮನೇಲೂ ಇದೇ ಕಥೆನಾ?" ಎಂದು ಸಹೋದ್ಯೋಗಿಗಳು ಕಾಲೆಳೆಯುತ್ತಿದ್ದರು. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದಂತೆ ಎಂದು ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅಂದು ಅವಳಿಗೆ, ಗಂಡ ಆಗಲೇ ಒಂದು ಪೈಪಿನ ಲೆಕ್ಕ ಮುಗಿಸಿದ್ದ ಹೊಸ ಕಾರ್ಖಾನೆಯ ಇನ್ನೊಂದು ಪೈಪಿನ ಕೆಲಸ ಬಂತು. ಭೂಕಂಪದ ಭಾರವನ್ನು ಹೊಸದಾಗಿ ತುಂಬುವ ಬದಲು ನಕಲಿಸೋಣವೆಂದು ಗಂಡ ಮಾಡಿದ್ದ ಸ್ಟೀಮ್ ಪೈಪಿನ ಫೈಲ್ ತೆರೆದಳು. ನೆಲ ನಡುಗಿದರೆ ಪೈಪಿಗೆ ಪಕ್ಕದಿಂದ ಏಟು ಬೀಳುತ್ತದೆ. ಅದಕ್ಕಾಗಿ ಸಾಫ್ಟ್‌ವೇರ್ ಪೈಪನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ತಳ್ಳಿ ನೋಡುತ್ತದೆ. ಯಾವ ಕಡೆಗೆ ತಳ್ಳಬೇಕೆಂದು ಹೇಳಬೇಕಾದವರು ಮಾತ್ರ ಮನುಷ್ಯರೇ. ತಳ್ಳುವ ದಿಕ್ಕನ್ನು ತೋರಿಸುವ ಬಾಣಗಳ ಚಿತ್ರ ತೆರೆದಳು. ಉದ್ದದ ಬಾಣಗಳು ಸರಿಯಾಗಿದ್ದವು. ಅಡ್ಡ ಮಲಗಬೇಕಿದ್ದವು ನೆಟ್ಟಗೆ ಆಕಾಶ ನೋಡುತ್ತ ನಿಂತಿದ್ದವು.

ಅವಳು ಗಂಡ ತುಂಬಿದ್ದ ಅಂಕಿಗಳನ್ನು ತೆರೆದು ನೋಡಿದಳು. ಇವರ ಕಚೇರಿಯಲ್ಲಿ ಮೊದಲಿನಿಂದಲೂ ವೈ ಎಂದರೆ ಮೇಲ್ಮುಖ. ಎಕ್ಸ್, ಝಡ್ ಎರಡೂ ನೆಲದ ದಿಕ್ಕುಗಳು. ಈ ಕಾರ್ಖಾನೆಯವರು ಮಾತ್ರ ಝಡ್ ಮೇಲ್ಮುಖವಾಗಿರಲಿ ಎಂದು ಹಟ ಹಿಡಿದಿದ್ದರು. ಗಂಡನ ಕೈ ಅಭ್ಯಾಸಬಲದಿಂದ ಎಕ್ಸ್‌ಗೂ ಝಡ್‌ಗೂ ಅಂಕಿ ತುಂಬಿ ಮುಂದೆ ಹೋಗಿತ್ತು. ಪೈಪನ್ನು ಯಾರೂ ಅಡ್ಡಕ್ಕೆ ತಳ್ಳಿಯೇ ಇರಲಿಲ್ಲ. ಬಾಣಗಳನ್ನು ನೋಡುವುದು ತಪಾಸಣೆಯ ಮೊದಲ ಪಾಠ. ಗಂಡನ ಕೆಲಸ ತಾನೇ ಎಂದು ಅವಳು ಕಣ್ಣು ಮುಚ್ಚಿ ಸಹಿ ಹಾಕಿದ್ದಳು.

ದಿಕ್ಕು ತಿದ್ದಿ ಮತ್ತೆ ಲೆಕ್ಕ ಓಡಿಸಿದಳು. ಕಂಟ್ರೋಲ್ ರೂಮಿನ ಬಾಗಿಲ ಮೇಲೆ ಹಾದುಹೋಗುವ ಕಡೆ ಪೈಪು ಸಪೋರ್ಟಿನಿಂದ ಜಾರಿ ಬೀಳುವಷ್ಟು ಸರಿಯುತ್ತಿತ್ತು. ಹಾಗೆ ಸರಿಯದಂತೆ ಅಕ್ಕಪಕ್ಕ ತಡೆಯುವ ಕಬ್ಬಿಣದ ತುಂಡುಗಳಿಗೆ ಗೈಡ್ ಎನ್ನುತ್ತಾರೆ. ಆ ಪೈಪಿನ ಡ್ರಾಯಿಂಗಿನಲ್ಲಿ ಗೈಡ್ ಇರಲೇ ಇಲ್ಲ.

"ರೀ, ಇಲ್ಲಿ ಬನ್ನಿ."

ಗಂಡ ನೋಡಿದ. ಸುತ್ತ ಒಮ್ಮೆ ಕಣ್ಣು ಹಾಯಿಸಿದ. ವಿಭಾಗದ ಮೇಲ್ವಿಚಾರಕನ ಜಾಗಕ್ಕೆ ಅವನ ಹೆಸರು ಆಗಷ್ಟೇ ಹೋಗಿತ್ತು.

"ಮೆಲ್ಲಗೆ ಮಾತಾಡು. ನಾಳೆ ಸ್ಟೀಮ್ ಬಿಡ್ತಾರೆ. ಈಗ ಬಾಯಿಬಿಟ್ರೆ ಇಬ್ರ ಕೆಲಸಕ್ಕೂ ಕುತ್ತು. ಅಲ್ಲಿ ನೆಲ ಯಾವತ್ತು ನಡುಗಿದೆ ಹೇಳು? ಮುಂದೆ ರಿಪೇರಿ ಬಂದಾಗ ಸದ್ದಿಲ್ಲದೆ ಗೈಡ್ ಹಾಕಿಸಿದ್ರಾಯ್ತು."

"ಅದರ ಕೆಳಗೆ ನನ್ ತಮ್ಮ ಓಡಾಡ್ತಾನೆ ರೀ." ಅವಳ ತಮ್ಮ ಅಲ್ಲೇ ಪೈಪು ಜೋಡಿಸುವವರ ಮೇಸ್ತ್ರಿಯಾಗಿದ್ದ.

"ಅವನನ್ನ ಬೇರೆ ಕಡೆ ಹಾಕಿಸೋಣ ಬಿಡು."

ಅವಳಿಗೆ ಮೈಯೆಲ್ಲ ಉರಿಯಿತು. ತಮ್ಮನ ಜಾಗಕ್ಕೆ ಬಂದು ನಿಲ್ಲುವವನಿಗೂ ಒಬ್ಬ ಅಕ್ಕ ಇರಬಹುದೆಂದು ಈ ಮನುಷ್ಯನಿಗೆ ಹೊಳೆಯಲೇ ಇಲ್ಲವಲ್ಲ! ಆದರೆ ಗಂಡ ಆ ಬಾಣಗಳ ಚಿತ್ರವನ್ನೇ ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದ. ಅದನ್ನು ಕಂಡು ಕರುಳು ಚುರುಕ್ಕೆಂದಿತು. ಕೂಗಾಡಲೂ ಆಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಜೋಡಿಸುವವರು ತಾವಾಗಿಯೇ ಗೈಡ್ ಹಾಕಿಬಿಟ್ಟಿದ್ದರೆ? ಆಗ ಯಾರ ತಲೆಯೂ ಹೋಗಬೇಕಿಲ್ಲ. ಆ ಆಸೆ ಹೊತ್ತು, ಗಂಡನಿಗೂ ಅದನ್ನೇ ಹೇಳಿ, ಮೆಟ್ಟಿಲ ಬಳಿ ಹೋಗಿ ತಮ್ಮನಿಗೆ ಫೋನ್ ಮಾಡಿದಳು.

"ಪುಟ್ಟಾ, ಕಂಟ್ರೋಲ್ ರೂಮ್ ಬಾಗಿಲ ಮೇಲಿನ ಸ್ಟೀಮ್ ಪೈಪಿಗೆ ಗೈಡ್ ಹಾಕಿದ್ದೀರೇನೋ?"

"ಹಾಕಿದ್ವಿ ಅಕ್ಕ."

ಹೋದ ಜೀವ ಬಂದಂತಾಯಿತು.

"ಪಕ್ಕದ ಪೈಪಿಗೆಲ್ಲ ಇತ್ತಲ್ಲ, ಇದಕ್ಕೂ ಬೇಕೇನೋ ಅಂತ ನಮ್ಮೋರು ವೆಲ್ಡ್ ಮಾಡಿದ್ರು. ಆಮೇಲೆ ನೋಡಿದ್ರೆ ಡ್ರಾಯಿಂಗಲ್ಲಿ ಇಲ್ಲ. ನಂಗ್ಯಾಕೋ ಅನುಮಾನ ಬಂತು, ಮ್ಯಾನೇಜರನ್ನ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಕೆಳಗೆ ನಿನ್ನ ಸಹಿ ಕಾಣಿಸ್ತು. ನಮ್ಮಕ್ಕ ನೋಡಿದ್ಮೇಲೆ ಇನ್ನೇನು ಕೇಳೋದು ಅಂತ ನಾನೇ ನಿಂತು ಕತ್ತರಿಸಿ ತೆಗೆಸ್ದೆ. ಉಜ್ಜಿಸಿಬಿಟ್ಟೆ ಕೂಡ, ಈಗ ಗುರುತೂ ಇಲ್ಲ. ಸರಿ ತಾನೇ ಅಕ್ಕ?"

ಅವಳು ಗೋಡೆಗೆ ಒರಗಿಕೊಂಡಳು.

"ಸರಿಯಿಲ್ಲ ಕಣೋ. ನಾನು ನೋಡಿರ್ಲಿಲ್ಲ. ನೋಡದೇನೇ ಸಹಿ ಹಾಕಿದ್ದೆ. ಯಾರಾದ್ರೂ ಸ್ಟೀಮ್ ಬಿಡೋಕೆ ಬಂದ್ರೆ ಅಡ್ಡ ನಿಂತ್ಕೋ. ಇಲ್ಲಿಂದ ಫೋನ್ ಬರುತ್ತೆ."

ಅವಳು ಒಳಗೆ ಬಂದು ನೇರವಾಗಿ ಕಚೇರಿಯ ಮುಖ್ಯಸ್ಥರ ಕೋಣೆಯತ್ತ ನಡೆದಳು. ಗಂಡ ಎದ್ದು ದಾರಿಗೆ ಅಡ್ಡ ಬಂದ.

"ಏನಂತೆ? ಗೈಡ್ ಹಾಕಿದ್ದಾರಾ?"

"ಹಾಕಿದ್ರಂತೆ. ನನ್ನ ನಂಬಿ ತಮ್ಮ ಕಿತ್ತು ಹಾಕಿದಾನೆ," ಎಂದಳು ಅವಳು. "ನಾನು ನಿಮ್ಮನ್ನ ನಂಬಿದ ಹಾಗೆ."

ಅವನು ಪಕ್ಕಕ್ಕೆ ಸರಿದ. ಅವಳು ಬಾಗಿಲು ತಟ್ಟಿದಳು.