ಹಜರತಅಲಿ ರೈಟ್ ಅಂದಾಗ

ಹಜರತಅಲಿಗೆ ಬರುತ್ತಿದ್ದ ಇಂಗ್ಲಿಷ್ ಶಬ್ದಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಅದರಲ್ಲಿ ಒಂದನ್ನು ಮಾತ್ರ ಆತ ದಿನಕ್ಕೆ ಮುನ್ನೂರು ಸಲ ಒದರುತ್ತಿದ್ದ. ನವಲಗುಂದದಿಂದ ಹಾಲಗುಪ್ಪಿಗೆ ಹೋಗುವ ಬಸ್ಸಿನ ಕಂಡಕ್ಟರ್ ಆತ. ಹೆಗಲಿಗೆ ಚರ್ಮದ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಕಡೆಯವರು ಹತ್ತಿ ಕಾಲು ಒಳಗಿಟ್ಟರೆಂದರೆ ಬಾಗಿಲು ಎಳೆದು ‘ರೈಟ್’ ಅನ್ನಬೇಕು, ಬಸ್ಸು ಮಿಸುಕಬೇಕು. ಹತ್ತು ವರ್ಷ ಹಾಗೇ ನಡೆದಿತ್ತು.

ಎಂಬತ್ತಮೂರನೇ ಇಸವಿಯ ಮಾತು. ಹಾಲಗುಪ್ಪಿಗೆ ಇನ್ನೂ ಡಾಂಬರು ಬಂದಿರಲಿಲ್ಲ. ಊರಿಗೆ ಬರುತ್ತಿದ್ದುದು ಅದೊಂದೇ ಬಸ್ಸು, ಮುಂಜಾನೆ ಒಂದು ಸಲ, ಇಳಿಹೊತ್ತಿಗೆ ಒಂದು ಸಲ. ಹಾಗಾಗಿ ಬಸ್ಸಿನ ಸಂಗಡ ಬಂದದ್ದೆಲ್ಲ ಊರಿನದೇ ಆಗಿಬಿಡುತ್ತಿತ್ತು. ಹಜರತಅಲಿಯ ರೈಟ್ ಕೂಡ. ಬಂಡಿಗೆ ಹತ್ತಿ ಹೇರಿ ಮುಗಿಸಿದವರು ಎತ್ತಿಗೆ ‘ರೈಟ್’ ಅನ್ನುತ್ತಿದ್ದರು. ಕೊಡ ಎತ್ತಿ ಟೊಂಕಕ್ಕೆ ಇಟ್ಟುಕೊಂಡ ಹೆಂಗಸರು ‘ರೈಟ್ ನಡೀರೆ’ ಅನ್ನುತ್ತಿದ್ದರು. ಸಾಲಿ ಬಿಟ್ಟ ಹುಡುಗರು ಹಗ್ಗದ ಬಸ್ಸು ಮಾಡಿಕೊಂಡು ಊರೆಲ್ಲ ರೈಟ್ ಕೂಗಿಕೊಂಡು ಓಡುತ್ತಿದ್ದರು. ಅದು ಕಿವಿಗೆ ಬಿದ್ದಾಗೆಲ್ಲ ಹಜರತಅಲಿಗೆ ಒಳಗೊಳಗೇ ಹಿಗ್ಗು. ಸಾವಕಾರರು ಯಾರಾದರೂ ಊರಿಗೆ ಬಾವಿ ತೋಡಿಸಿ ಕೊಡುತ್ತಾರೆ. ತಾನು ಒಂದು ಮಾತು ಕೊಟ್ಟಿದ್ದೇನೆ ಅಂದುಕೊಳ್ಳುತ್ತಿದ್ದ.

ಆ ವರ್ಷ ಶ್ರಾವಣದಲ್ಲಿ ಹಳೇ ಡ್ರೈವರ್ ನಿವೃತ್ತನಾಗಿ ಕುಬೇರಪ್ಪ ಬಂದ. ಕಲಘಟಗಿ ಕಡೆ ಬಮ್ಮಿಗಟ್ಟಿಯವನು. ಹದಿನೈದು ವರ್ಷ ಮಿಲಿಟರಿಯಲ್ಲಿ ಟ್ರಕ್ ಓಡಿಸಿ, ಪಿಂಚಣಿ ತೆಗೆದುಕೊಂಡು, ಮತ್ತೆ ಈ ನೌಕರಿ ಹಿಡಿದಿದ್ದ. ಇನ್ನೂ ಕಾಯಂ ಆಗಿರಲಿಲ್ಲ. ಮಾತು ಕಡಿಮೆ. ಮೀಸೆ ತಿದ್ದಿ, ಬೂಟಿಗೆ ಪಾಲಿಶ್ ಹಾಕಿ, ಡ್ಯೂಟಿಗೆ ಅರ್ಧ ತಾಸು ಮೊದಲೇ ಬಂದು ಗಾಲಿಗಳನ್ನು ಒದ್ದು ನೋಡುವ ಮನುಷ್ಯ.

ಆತ ಬಂದ ನಾಲ್ಕನೇ ದಿನ. ಹಿಂದಿನ ಸಂಜೆ ಮಳೆಯಾಗಿ ಕಪ್ಪು ಯರಿ ಮಣ್ಣು ಬೆಣ್ಣೆಯಂತೆ ಜಾರುತ್ತಿತ್ತು. ಹಾಲಗುಪ್ಪಿಯಲ್ಲಿ ಬಸ್ಸು ತಿರುಗಿಸಲು ಜಾಗ ಇರಲಿಲ್ಲ. ಹಳ್ಳದ ದಂಡೆಗುಂಟ ಹಿಂದೆ ಸರಿದು ಬರಬೇಕು. ನವಲಗುಂದಕ್ಕೆ ಬೆಣ್ಣೆ ಮಾರಲು ಹೋಗುವ ಮೈಲಾರವ್ವ, ಸೀಟು ಸಿಗಲೆಂದು ಬಸ್ಸು ಹಿಂದೆ ಸರಿಯುವ ಮೊದಲೇ ಹತ್ತಿ ಎಡಗಡೆ ಕಡೇ ಕಿಡಕಿಗೆ ಕೂತಿದ್ದಳು. ಎಪ್ಪತ್ತರ ಮುದುಕಿ. ಹಜರತಅಲಿ ಕೆಳಗಿಳಿದು ಅದೇ ಬಾಜು ನಿಂತು, ಬಸ್ಸಿನ ತಗಡು ಬಡಿಯುತ್ತ ‘ರೈಟ್... ರೈಟ್...’ ಅನ್ನತೊಡಗಿದ.

ಮೈಲಾರವ್ವ ಕಿಡಕಿಯಿಂದ ತಲೆ ಹೊರಗೆ ಹಾಕಿದಳು.

“ಅಲ್ಲೋ ಹಜರತ, ಹತ್ತು ವರ್ಸದಿಂದ ಕೇಳಾಕತ್ತೇನಿ. ರೈಟ್ ಅಂದ್ರ ಏನಲೇ ಅದು?”

ಆತ ನಕ್ಕು ಆಕೆಯ ಕಡೆ ಮುಖ ತಿರುಗಿಸಿದ. “ರೈಟ್ ಅಂದ್ರ ಹೋಗು ಅಂತ, ಆಯಿ.”

ಮಾತಿನ ನಡುವೆಯೂ ಕೈ ತಗಡು ಬಡಿಯುತ್ತಲೇ ಇತ್ತು, ಬಾಯಿ ರೈಟ್ ಅನ್ನುತ್ತಲೇ ಇತ್ತು. ಸೀಟಿನಲ್ಲಿದ್ದ ಕುಬೇರಪ್ಪನಿಗೆ ಮಿಲಿಟರಿಯ ಹದಿನೈದು ವರ್ಷ ಗಾಡಿ ಹಿಂದೆ ಸರಿಸುವಾಗ ರೈಟ್ ಅಂದರೆ ಬಲಕ್ಕೆ, ಲೆಫ್ಟ್ ಅಂದರೆ ಎಡಕ್ಕೆ. ಮೂರು ದಿನ ಮಣ್ಣು ಗಟ್ಟಿಯಿತ್ತು. ಕನ್ನಡಿಯಲ್ಲಿ ದಾರಿ ಕಾಣುತ್ತಿತ್ತು. ಕೂಗಿಗೆ ಕಿವಿಗೊಡುವ ಗರಜು ಬಿದ್ದಿರಲಿಲ್ಲ. ಇವತ್ತು ಕನ್ನಡಿಗೆ ಕೆಸರು ಸಿಡಿದಿತ್ತು. ಆತ ಕಿವಿಯನ್ನು ನಂಬಿ ಸ್ಟೇರಿಂಗ್ ಬಲಕ್ಕೆ ತಿರುಗಿಸಿದ. ಮತ್ತೆ ರೈಟ್ ಅಂತ ಕೇಳಿತು, ಮತ್ತಷ್ಟು ತಿರುಗಿಸಿದ. ಹಿಂದಿನ ಗಾಲಿ ದಂಡೆ ಬಿಟ್ಟು ಕೆಳಗೆ ಕುಸಿಯಿತು. ಬಸ್ಸು ಬಲಕ್ಕೆ ವಾಲಿ ಜಾಲಿಗಿಡಕ್ಕೆ ಆತುಕೊಂಡು ನಿಂತಿತು.

ಗಿಡ ಇರದಿದ್ದರೆ ಹಳ್ಳದ ನೀರು. ಒಳಗಿದ್ದ ಆರು ಜನರಲ್ಲಿ ಐವರು ತರಚಿಕೊಂಡು ಇಳಿದರು. ಮೈಲಾರವ್ವ ಮಾತ್ರ ಈ ಕಡೆಯಿಂದ ಆ ಕಡೆಗೆ ಜಾರಿ ಹೋಗಿ ಕೈ ಊರಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು. ಮೈತುಂಬ ಬೆಣ್ಣೆ ಮೆತ್ತಿಕೊಂಡಿದ್ದ ಆಕೆಯನ್ನು ಹಜರತಅಲಿಯೇ ಎತ್ತಿಕೊಂಡು ಹೊರಗೆ ತಂದ. ಆಕೆ ನರಳಲಿಲ್ಲ. “ನಿನ್ನ ಅಂಗಿ ಜಿಡ್ಡಾತಲ್ಲೋ ತಮ್ಮಾ” ಅಂದಳು.

ಎಂಟು ದಿನಕ್ಕೆ ಹಜರತಅಲಿಗೆ ಡಿಪೋದಿಂದ ಇಂಗ್ಲಿಷಿನಲ್ಲಿ ಒಂದು ಮೆಮೊ ಬಂತು. ಓದಿಸಲು ಗೌರಕ್ಕೋರ ಹತ್ತಿರ ಹೋದ. ಗೌರಕ್ಕೋರು ದಿನಾ ಅದೇ ಬಸ್ಸಿನಲ್ಲಿ ಹಾಲಗುಪ್ಪಿ ಸಾಲಿಗೆ ಹೋಗಿಬರುವ ಟೀಚರು, ಐದನೇ ಇಯತ್ತೆಯ ಹುಡುಗರಿಗೆ ಇಂಗ್ಲಿಷ್ ಕಲಿಸುವವರು. ಅಂಗಳದಲ್ಲಿ ಕುರ್ಚಿ ಹಾಕಿ ಕೂಡಿಸಿ, ಕಾಗದ ಎರಡು ಸಲ ಓದಿದರು.

“ಅಲಿಯವರ, ಇದರಾಗ ರೈಟ್ ಅನ್ನೂದು ಮೂರು ಕಡೆ ಐತಿ.”

“ಮೂರು ಕಡೆನೂ ನಂದರಿ?”

“ಇಲ್ರಿ. ಬಸ್ಸಿನ ರೈಟ್ ಬಾಜು ಗಾಲಿ ಕುಸಿದೈತಿ ಅಂತ ಬರದಾರ, ಅದು ಬಲಕ್ಕ ಅಂತ. ನೀವು ರೈಟ್ ಸನ್ನೆ ಮಾಡಲಿಲ್ಲ ಅಂತ ಬರದಾರ, ಅದು ಸರಿಯಾದ ಸನ್ನೆ ಅಂತ. ಕ್ರಮ ತಗೊಳ್ಳೂ ರೈಟ್ ಸಾಹೇಬರಿಗೆ ಐತಿ ಅಂತ ಕಡೀಕ ಬರದಾರ. ಅದು ಹಕ್ಕು.”

ಹಜರತಅಲಿ ಕಾಗದದ ಮೇಲೆ ಬಾಗಿ ನೋಡಿದ. ಮೂರೂ ಕಡೆ ಅಕ್ಷರ ಒಂದೇ ನಮೂನಿ ಕಂಡವು.

“ಹೋಗು ಅನ್ನೂ ರೈಟ್ ಎಲ್ಲೈತ್ರಿ ಅಕ್ಕೋರ?”

ಗೌರಕ್ಕೋರು ಒಳಗಿನಿಂದ ಬೈಂಡು ಹರಿದ ಶಬ್ದಕೋಶ ತಂದರು. ಆ ಒಂದು ಮಾತಿಗೆ ಒಂದು ಪುಟಕ್ಕೂ ಹೆಚ್ಚು ಅರ್ಥ ಕೊಟ್ಟಿದ್ದರು. ಬೆರಳಿಟ್ಟು ಒಂದೊಂದೇ ಹೇಳಿದರು. ನೆಟ್ಟಗೆ, ನ್ಯಾಯ, ಆರೋಗ್ಯದಿಂದ ಇರುವುದು, ಕೂಡಲೇ, ಬಟ್ಟೆಯ ಮೇಲ್ಮೈ, ಓರೆಯಾದದ್ದನ್ನು ಎತ್ತಿ ನಿಲ್ಲಿಸುವುದು. ಹಜರತಅಲಿಗೆ ಬೆರಗಾಯಿತು. ತಾನು ಹತ್ತು ವರ್ಷ ಬಾಯಲ್ಲಿ ಇಟ್ಟುಕೊಂಡು ತಿರುಗಿದ ಮಾತಿನೊಳಗೆ ಇಷ್ಟೆಲ್ಲ ಇದೆಯೆಂದು ಆತನಿಗೆ ಯಾರೂ ಹೇಳಿರಲಿಲ್ಲ. ಆದರೆ ಹೋಗು ಅನ್ನುವುದು ಆ ಪುಟದಲ್ಲಿ ಇರಲಿಲ್ಲ.

“ಇಲ್ಲ ನೋಡ್ರಿ” ಅಂದರು ಗೌರಕ್ಕೋರು. ಪುಸ್ತಕ ಮುಚ್ಚಿದರು. “ನನಗ ಅನಸೂದು ಹಿಂಗ. ಮೊದಲಿನ ಕಂಡಕ್ಟರು, ಜನಾ ಹತ್ತೇತಿ, ಬಾಗಲಾ ಹಾಕೇತಿ, ಹಿಂದ ಮುಂದ ನೋಡೀನಿ, ಎಲ್ಲಾ ಸರಿ ಐತಿ ಅಂತ ಹೇಳಾಕ ರೈಟ್ ಅಂದಿರಬೇಕು. ಅಂದು ಅಂದು ಅದು ಹೋಗು ಅಂತ ಆಗಿರಬೇಕು.”

“ಅಂದ್ರ ನಾ ರೈಟ್ ಅಂದ್ರ, ಎಲ್ಲಾ ನೋಡೀನಿ ಅಂತ ಅರ್ಥ?”

“ಹೌದಲ್ರಿ ಮತ್ತ.”



ಗೌರಕ್ಕೋರು ಅವನ ಪರವಾಗಿ ಚಲೋ ಉತ್ತರ ಬರೆದುಕೊಟ್ಟರು. ಎಲ್ಲ ಕಂಡಕ್ಟರರೂ ಬಳಸುವ ರೂಢಿಯ ಮಾತನ್ನೇ ಈತ ಬಳಸಿದ್ದಾನೆ, ಡ್ರೈವರ್ ಹೊಸಬನಾದ್ದರಿಂದ ತಪ್ಪು ತಿಳಿದಿದ್ದಾನೆ ಅಂತ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಗದ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಶಮೀಮಾಬಿ ಮಗ್ಗದ ಮುಂದೆ ಕೂತು ಜಮಖಾನೆಯ ಅಂಚು ನೇಯುತ್ತಿದ್ದಳು. ಗಂಡ ಎಲ್ಲ ಹೇಳುವವರೆಗೂ ಕೈ ನಿಲ್ಲಿಸಲಿಲ್ಲ.

“ನೀವು ಆ ಹೊತ್ತಿನ್ಯಾಗ ಯಾವ ಕಡೆ ನೋಡಾಕತ್ತಿದ್ರಿ?” ಅಂತ ಕೇಳಿದಳು.

“ಮುದುಕಿ ಕಡೆ.”

“ಅದನ್ನ ಬರದಾರೇನು ಅಕ್ಕೋರು?”

“ಅವರಿಗೆ ನಾ ಹೇಳಿಲ್ಲ.”

 ಒಂದು ನೂಲು ತಪ್ಪಿತ್ತೆಂದು ಕಾಣುತ್ತದೆ, ಆಕೆ ಹಿಂದಿನ ನಾಲ್ಕು ಎಳೆ ಬಿಚ್ಚಿ ಮತ್ತೆ ಹಾಕತೊಡಗಿದಳು.

ವಿಚಾರಣೆಯ ದಿನ ಡಿಪೋದ ಖೋಲಿಯಲ್ಲಿ ಸಾಹೇಬರು, ಒಬ್ಬ ಗುಮಾಸ್ತ, ಗೋಡೆಗುಂಟ ಕುಬೇರಪ್ಪ, ಬಾಗಿಲ ಬಳಿ ಹಜರತಅಲಿ. ಮೈಲಾರವ್ವ ಕೊರಳಿಗೆ ಜೋಲಿ ಕಟ್ಟಿ ಕೈ ಅದರಲ್ಲಿಟ್ಟುಕೊಂಡು ಗೌರಕ್ಕೋರ ಜೊತೆ ಬಂದಿದ್ದಳು.

“ಅಜ್ಜಿ, ಕಂಡಕ್ಟರ್ ಏನಂತ ಕೂಗಿದ?” ಸಾಹೇಬರು ಕೇಳಿದರು.

“ರೈಟ್ ಅಂದ್ನಿರಿ.”

“ರೈಟ್ ಅಂದ್ರೇನು?”

“ಹೋಗು ಅಂತರಿ. ನಮ್ಮೂರ ಎತ್ತಿಗೂ ಗೊತ್ತೈತ್ರಿ ಅದು.”

ಗುಮಾಸ್ತ ನಕ್ಕ. ಸಾಹೇಬರು ನಗಲಿಲ್ಲ. ಕುಬೇರಪ್ಪನ ಕಡೆ ತಿರುಗಿ, “ಎತ್ತಿಗೆ ತಿಳಿದದ್ದು ನಿಮಗ ತಿಳೀಲಿಲ್ಲಲ್ಲ” ಅಂದರು. ಕುಬೇರಪ್ಪ ಅಟೆನ್ಶನ್ನಿನಲ್ಲಿ ನಿಂತಂತೆ ನಿಂತಿದ್ದ. “ತಪ್ಪಾಗೇತ್ರಿ ಸಾಹೇಬ್ರ” ಅಂದ, ಅಷ್ಟೇ.  ಕಾಯಂ ಆಗದ ಮನುಷ್ಯ. ಸಾಹೇಬರು ಒಂದು ಗೆರೆ ಬರೆದರೆ ನಾಳೆ ಬಮ್ಮಿಗಟ್ಟಿಯ ಬಸ್ಸು ಹಿಡಿಯಬೇಕು.

“ಸಾಹೇಬ್ರ, ನಂದೊಂದು ಐತ್ರಿ” ಅಂದ ಹಜರತಅಲಿ.

“ನಿಂದು ಬರದು ಕೊಟ್ಟೀಯಲ್ಲ.”

“ಅದರಾಗ ಒಂದು ಬಿಟ್ಟೈತ್ರಿ. ನಾ ರೈಟ್ ಅನ್ನೂಮುಂದ ಗಾಲಿ ನೋಡಾಕತ್ತಿರಲಿಲ್ಲ. ಈ ಆಯಿ ಕೂಡ ಮಾತಾಡಾಕತ್ತಿದ್ದೆ. ನೋಡಿದ್ರ ಮೊದಲನೇ ಸಲ ಗಾಲಿ ತಿರಗಿದಾಗನ ನಿಲ್ಲಸಾಕ ಹೋಲ್ಡಾನ್ ಅಂತಿದ್ದೆ. ಅವರು ನನ್ನ ಮಾತು ನಂಬಿ ಬಂದಾರ್ರಿ.”

 ಮೈಲಾರವ್ವ ಗೌರಕ್ಕೋರ ಕಿವಿಯಲ್ಲಿ, “ಮಾತಾಡ್ಸಿದಾಕಿ ನಾನಲ್ಲೇನವಾ, ಅದಕ್ಕ ಇಲ್ಲಿ ನಾ ಬಾಯಿ ಮುಚಗೊಂಡಿದ್ದೆ, ಇಂವ ಯಾಕ ಹೇಳಿದ” ಅಂದದ್ದು ಎಲ್ಲರಿಗೂ ಕೇಳಿಸಿತು.

ಹಜರತಅಲಿಗೆ ಹದಿನೈದು ದಿನ ಸಸ್ಪೆಂಡ್ ಆಯಿತು. ಕುಬೇರಪ್ಪನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನು ಮೇಲೆ ಹಿಂದೆ ಸರಿಸುವಾಗ ಬಾಯಿಮಾತು ಬೇಡ, ಸೀಟಿ ಊದಬೇಕು ಅಂತ ಹುಕುಂ ಹೊರಟಿತು.

ಆ ಹದಿನೈದು ದಿನ ಹಜರತಅಲಿ ಹೆಂಡತಿಗೆ ನೂಲು ಸುತ್ತಿ ಕೊಟ್ಟ. ಐದನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಕುಬೇರಪ್ಪ ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತು ನಿಂತಿದ್ದ.

“ನಮ್ಮ ಹೊಲದ್ದರಿ. ಜೋಳದ ಸೀಮಿಯವರು ನೀವು, ಉಂಡು ನೋಡ್ರಿ.”

ಕೂತ. ಚಹಾ ಕುಡಿದ. ಬಹಳ ಹೊತ್ತು ಮಗ್ಗ ನೋಡಿದ. ಹೋಗುವಾಗ ಹೊಸ್ತಿಲಲ್ಲಿ ನಿಂತು, “ಮಿಲಿಟರಿಯಾಗ ಹದಿನೈದು ವರ್ಸ ಇದ್ದೆ, ಹಜರತಸಾಬ್ರ. ನನ್ನ ಸಲುವಾಗಿ ಮಾತಾಡಿದವರು ಕಡಿಮಿ” ಅಂದು ಉತ್ತರಕ್ಕೆ ಕಾಯದೆ ಇಳಿದು ಹೋದ.

ಡ್ಯೂಟಿಗೆ ಮರಳಿದ ದಿನ ಹಜರತಅಲಿಯ ಕೊರಳಲ್ಲಿ ಹೊಸ ಸೀಟಿ ಇತ್ತು. ಹಾಲಗುಪ್ಪಿಯಲ್ಲಿ ಹಿಂದೆ ನಿಂತು, ಎರಡೂ ಗಾಲಿ ನೋಡಿ ಊದಿದ. ಕಟ್ಟೆಯ ಮೇಲೆ ಕೂತವರಿಗೆ ಅದು ಸಮಾಧಾನವಾಗಲಿಲ್ಲ. ಒಬ್ಬ ರೈಟ್ ಅಂದ, ಆಮೇಲೆ ಎಲ್ಲರೂ ಅಂದರು. ಆತ ಸೀಟಿ ಊದುವುದು, ಊರು ರೈಟ್ ಅನ್ನುವುದು. ಕುಬೇರಪ್ಪ ಒಂದು ಸಲ ಬಸ್ಸು ನಿಲ್ಲಿಸಿ, ಕೆಳಗಿಳಿದು, ಹಿಂದೆ ಬಂದು, ತಾನೇ ನೋಡಿ, ನಗುತ್ತ ಮತ್ತೆ ಹತ್ತಿದ. ಆತ ನಕ್ಕದ್ದನ್ನು ಹಜರತಅಲಿ ಮೊದಲ ಸಲ ನೋಡಿದ್ದು ಅವತ್ತು.

ಐದು ವರ್ಷ ಇಬ್ಬರೂ ಅದೇ ಬಸ್ಸಿನಲ್ಲಿ ದುಡಿದರು. ಇಳಿಹೊತ್ತಿಗೆ ಕಡೇ ಸ್ಟಾಪಿನಲ್ಲಿ ಸಿಗುತ್ತಿದ್ದ ಇಪ್ಪತ್ತು ನಿಮಿಷದಲ್ಲಿ ಮೈಲಾರವ್ವ ಮಜ್ಜಿಗೆ ತಂದು ಕೊಡುತ್ತಿದ್ದಳು, ಗೌರಕ್ಕೋರು ಹುಡುಗರ ನೋಟುಬುಕ್ಕುಗಳಲ್ಲಿ ಹಾಕಿ ಮುಗಿಸದ ರೈಟ್ ಗುರುತುಗಳನ್ನು ಬಸ್ಸಿನಲ್ಲೇ ಕೂತು ಹಾಕುತ್ತಿದ್ದರು, ಕುಬೇರಪ್ಪ ಹಿಮ ಬೀಳುವ ನಾಡಿನ ಸುದ್ದಿ ಹೇಳುತ್ತಿದ್ದ. ಮುಂದೆ ಎಷ್ಟೋ ದೊಡ್ಡ ಊರುಗಳ ಬಸ್ಸು ಹತ್ತಿದ ಮೇಲೂ ಹಜರತಅಲಿಗೆ ಕನಸಿನಲ್ಲಿ ಬರುತ್ತಿದ್ದುದು ಆ ಇಪ್ಪತ್ತು ನಿಮಿಷ, ಬೆಳೆದು ನಿಂತ ಹತ್ತಿಹೊಲದ ನಡುವೆ ತಣ್ಣಗಾಗುತ್ತಿರುವ ಇಂಜಿನ್ನಿನ ಟಿಕ್ ಟಿಕ್ ಸಪ್ಪಳ.

ಎಂಬತ್ತೆಂಟರಲ್ಲಿ ಕುಬೇರಪ್ಪನಿಗೆ ತನ್ನ ಸೀಮೆಯ ಕಡೆಗೇ ಬದಲಿ ಆಯಿತು. ಮರುದಿನ ಮುಂಜಾನೆ ಹೊಸ ಡ್ರೈವರ್ ಬಂದ. ಇಪ್ಪತ್ತಾರು ವರ್ಷದವನು, ಹೆಸರು ದಾವೂದಸಾಬ. ಬಂದವನೇ ಇಂಜಿನ್ ಚಾಲೂ ಮಾಡಿ ಕೂತ. ಹಜರತಅಲಿ ಬಾಗಿಲ ಹತ್ತಿರ ಹೋಗಿ, “ಬಂದ್ ಮಾಡ್ರಿ ಅದನ್ನ” ಅಂದ.

“ಟೈಮ್ ಆಗೇತಲ್ರಿ?”

“ಇನ್ನೂ ಹತ್ತು ಮಿನಿಟ್ ಐತಿ. ಕೆಳಗ ಬರ್ರಿ. ನೀವು ಯಾವುದಕ್ಕ ಏನಂತೀರಿ, ನಾ ಯಾವುದಕ್ಕ ಏನಂತೀನಿ, ಚಾ ಕುಡಕೋತ ಮಾತಾಡೂಣು.”