ಹೆಸರು ಕೆಡಿಸಿಕೊಂಡವಳು

ಪೋಲಾಕ್ ಎಂಬ ಯೆಹೂದಿ ಗಂಡಹೆಂಡತಿ ನಮ್ಮ ಕೊಟ್ಟಿಗೆಯ ಅಟ್ಟಕ್ಕೆ ಬಂದದ್ದು ಯುದ್ಧಕಾಲದ ಒಂದು ಬೇಸಿಗೆಯಲ್ಲಿ. ಬರೆಂಡ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಟೋಪಿ ಹೊಲಿಯುತ್ತಿದ್ದವನು. ಅವನ ಹೆಂಡತಿ ಯೂಡಿತ್‌ಗೆ ಅಟ್ಟದ ಮೇಲೂ ತಲೆ ಬಾಚಿ ಅಚ್ಚುಕಟ್ಟಾಗಿ ಕೂತೇ ಅಭ್ಯಾಸ. ಯೆಹೂದಿಗಳನ್ನು ಬಚ್ಚಿಟ್ಟವರನ್ನು ಜರ್ಮನರು ಸುಮ್ಮನೆ ಬಿಡುವುದಿಲ್ಲವೆಂದು ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಲ್ಲಿನ ರಾಶಿಯ ಹಿಂದೆ ಇಬ್ಬರಿದ್ದಾರೆಂದು ನನಗೆ, ನನ್ನ ಗಂಡ ಹೈಲ್ಕೆಗೆ, ಮಗಳು ರಿನ್ಸ್ಕೆಗೆ ಬಿಟ್ಟರೆ ಮತ್ತೊಂದು ಜೀವಕ್ಕೆ ತಿಳಿಯದು.

ಚಳಿ ಬೀಳುವ ಹೊತ್ತಿಗೆ ಯೂಡಿತ್ ಬಸುರಿ ಎಂದು ಗೊತ್ತಾಯಿತು.

ದೊಡ್ಡವರು ಉಸಿರು ಬಿಗಿಹಿಡಿದಾರು, ಕೂಸು ಹಿಡಿದೀತೇ? ಹುಟ್ಟಿದ ಕೂಡಲೇ ಪೇಟೆಯಲ್ಲಿ ಯಾರದಾದರೂ ಬಾಗಿಲಲ್ಲಿ ಇಟ್ಟುಬರುತ್ತೇನೆ ಎಂದ ಹೈಲ್ಕೆ. ಯೂಡಿತ್ ಗೋಡೆಯ ಕಡೆ ತಿರುಗಿದಳು. ಅಂದು ಊಟಕ್ಕೆ ರೊಟ್ಟಿ ಕೊಯ್ಯುತ್ತಿದ್ದ ರಿನ್ಸ್ಕೆ ಚಾಕು ಕೆಳಗಿಟ್ಟಳು.

“ಯಾರ ಬಾಗಿಲಿಗೂ ಬೇಡ ಅಪ್ಪ. ನನ್ನ ಮಗು ಅಂತೀನಿ.”

ಅವಳಿಗೆ ದೋಣಿ ಕಟ್ಟುವವರ ಮಗ ಡೌವೆ ಜೊತೆ ಮದುವೆ ಗೊತ್ತಾಗಿತ್ತು. ಹೈಲ್ಕೆ ಬೈದ, ನಾನು ಅತ್ತುಬಿಟ್ಟೆ. ಅವಳು ಕದಲಲಿಲ್ಲ. ಮರುವಾರವೇ ಹಳೇ ಬಟ್ಟೆ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ಹೊರಗೆ ಓಡಾಡತೊಡಗಿದಳು. ಬಟ್ಟೆ ವಾರವಾರಕ್ಕೂ ದಪ್ಪವಾಯಿತು, ಊರ ಬಾಯಿ ಅದಕ್ಕಿಂತ ಬೇಗ ದೊಡ್ಡದಾಯಿತು.

ಡೌವೆ ಬಂದ. ಮಗು ತನ್ನದಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಯಾರದು ಅಂತ ಹೇಳಿಬಿಡು, ಸಾಕು ಎಂದು ಅಂಗಳದಲ್ಲಿ ನಿಂತು ಬೇಡಿಕೊಂಡ. ಹೇಳಲ್ಲ ಎಂದಳು. ಅವನು ಸೈಕಲ್ ತಳ್ಳಿಕೊಂಡೇ ಹೋದ, ಹತ್ತಲಿಲ್ಲ. ನನಗೆ ತಡೆಯಲಾಗದೆ, ಒಳ್ಳೇ ಹುಡುಗ ಕಣೆ, ಅವನಿಗೊಬ್ಬನಿಗೆ ನಿಜ ಹೇಳು ಅಂದೆ.

“ಒಳ್ಳೆಯವನು ಅಂತಲೇ ಹೇಳ್ತಿಲ್ಲಮ್ಮ. ಅವನ ಮುಖಕ್ಕೆ ಸುಳ್ಳು ಬರಲ್ಲ.”

ಪಾದ್ರಿಗಳೂ ಬಂದರು. ಸಭೆಯ ಎದುರು ತಪ್ಪೊಪ್ಪಿಕೊಳ್ಳಬೇಕು ಎಂದರು. ಭಾನುವಾರ ಅವಳು ಎಲ್ಲರ ಮುಂದೆ ಎದ್ದು ನಿಂತು ಒಪ್ಪಿಕೊಂಡಳು, ತಲೆ ಮಾತ್ರ ತಗ್ಗಿಸಲಿಲ್ಲ. ಅದನ್ನೂ ಊರು ಆಡಿಕೊಂಡಿತು.

ಮಾರ್ಚಿನಲ್ಲಿ ಹೆಣ್ಣುಮಗು ಹುಟ್ಟಿತು. ಹೆರಿಗೆ ಮಾಡಿಸಿದ್ದು ನಾನೇ. ಯೂಡಿತ್ ಬಾಯಿಗೆ ಬಟ್ಟೆ ತುರುಕಿಕೊಂಡು ಹೆತ್ತಳು, ಕೆಳಗಿನ ಕೋಣೆಯಲ್ಲಿ ರಿನ್ಸ್ಕೆ ಅವಳ ಬದಲು ಬೀದಿಗೆ ಕೇಳುವಂತೆ ಚೀರಿದಳು. ಮಗುವಿಗೆ ಹಾಲೂಡಿಸುವ ಹೊತ್ತಿಗೆ ಅಟ್ಟಕ್ಕೆ ಒಯ್ಯುವುದು, ಮತ್ತೆ ಕೆಳಗೆ ತರುವುದು ಅವಳ ಕೆಲಸವಾಯಿತು.

ಹುಲ್ಲು ಕೊಯ್ಯುವ ಕಾಲದಲ್ಲಿ ಜರ್ಮನರು ತಪಾಸಣೆಗೆ ಬಂದರು. ಪಕ್ಕದ ಮನೆ ಗೆಪ್ಕೆ ಮಜ್ಜಿಗೆಗೆಂದು ಬಂದು ಅಡುಗೆಮನೆಯಲ್ಲಿ ಕೂತಿದ್ದಳು. ನನ್ನ ಮಗಳ ಬಗ್ಗೆ ಅವಳಷ್ಟು ಕೆಟ್ಟದಾಗಿ ಆಡಿಕೊಂಡವರು ಬೇರಿಲ್ಲ. ರಿನ್ಸ್ಕೆಯ ಬೆರಳಲ್ಲಿ ಉಂಗುರವಿಲ್ಲ, ಹೊಂಬಣ್ಣದ ಕೂದಲಿನವಳ ಕಂಕುಳಲ್ಲಿ ಕರೀ ಕೂದಲಿನ ಕೂಸು. ಅಧಿಕಾರಿಗೆ ಅನುಮಾನ ಬಂತು. ಮಗು ಯಾರದು ಎಂದು ಕೇಳಿದ. ರಿನ್ಸ್ಕೆ ಬಾಯಿ ತೆರೆಯುವ ಮೊದಲೇ ಗೆಪ್ಕೆ ಅಂದಳು:

“ಇವಳದೇ ಸ್ವಾಮಿ. ಊರಿಗೆಲ್ಲ ಗೊತ್ತಿರೋ ಹಾದರ. ಅಪ್ಪ ಯಾರು ಅಂತ ನೀವಾದ್ರೂ ಹೇಳಿಸಿ, ನೋಡೋಣ.”

ಅವರು ನಕ್ಕರು. ಅಟ್ಟ ಹತ್ತಿದವರು ಹುಲ್ಲಿಗೆ ಎರಡು ಕಡೆ ತಿವಿದು, ಇಳಿದು ಹೋದರು. ರಿನ್ಸ್ಕೆ ಗೆಪ್ಕೆಯ ಪಾತ್ರೆಗೆ ತುಂಬ ಮಜ್ಜಿಗೆ ಹುಯ್ದು ಕಳಿಸಿದಳು.

ಮರುವರ್ಷ ವಸಂತದಲ್ಲಿ ಕೆನಡಾದ ಸೈನಿಕರು ಬಂದು ಜರ್ಮನರನ್ನು ಓಡಿಸಿದರು. ಬರೆಂಡ್, ಯೂಡಿತ್ ಹಾಡುಹಗಲಲ್ಲಿ ಅಂಗಳಕ್ಕಿಳಿದಾಗ ಊರಿಗೆ ಊರೇ ಬೇಲಿಯಾಚೆ ನಿಂತಿತ್ತು. ಡೌವೆ ಕೂಡ ಇದ್ದ, ಹಿಂದಿನ ವರ್ಷ ಮದುವೆಯಾದ ಹೆಂಡತಿಯ ಜೊತೆ. ಅವನು ಟೋಪಿ ತೆಗೆದ. ರಿನ್ಸ್ಕೆ ತಲೆಯಾಡಿಸಿದಳು, ಅಷ್ಟೇ.

ನಿನ್ನ ತಪ್ಪೊಪ್ಪಿಗೆ ಹಿಂತೆಗೆದದ್ದಾಗಿ ಸಭೆಯಲ್ಲಿ ಸಾರುತ್ತೇನೆ ಎಂದರು ಪಾದ್ರಿಗಳು. ನಿಮ್ಮ ಮನಸ್ಸಿನ ಸಮಾಧಾನಕ್ಕಾದರೆ ಸಾರಿ ಎಂದಳು.

ಪೋಲಾಕರು ಹೊರಡುವ ದಿನ ಮಗು ತಾಯಿಯ ತೋಳಿಗೆ ಹೋಗಲೊಲ್ಲದೆ ರಿನ್ಸ್ಕೆಯ ಕೊರಳಿಗೆ ಜೋತುಬಿತ್ತು. ಅವಳೇ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಯೂಡಿತ್ ಕೈಗೆ ಕೊಟ್ಟಳು. ದೋಣಿ ಕಾಲುವೆಯ ತಿರುವು ದಾಟುವವರೆಗೂ ಅಳು ಕೇಳುತ್ತಲೇ ಇತ್ತು. ಆಮೇಲೆ ರಿನ್ಸ್ಕೆ ಅಂಗಿಯ ತೋಳು ಮಡಚಿಕೊಂಡು, ಹಸು ಕರೆಯುವ ಹೊತ್ತಾಯ್ತು ಎಂದು ಕೊಟ್ಟಿಗೆಗೆ ಹೋದಳು. ನಾನೂ ಹಿಂದೆಯೇ ಹೋಗಿ ಪಕ್ಕದ ಹಸುವಿನ ಹತ್ತಿರ ಕೂತೆ.