ಮೀನಿನ ತಲೆ ಯಾರ ಕಡೆ

ಮುದುಕರ ಜಗಳಕ್ಕೆ ದೊಡ್ಡ ಕಾರಣ ಬೇಕಿಲ್ಲ, ಒಂದು ಮೀನು ಸಾಕು. ಪೆನಾಂಗಿನ ಚಹಾ ವರ್ತಕರ ಸಂಘದ ಟೆಂಗ್ ಹಾಯ್ ಮತ್ತು ಬೂನ್ ಸ್ಯೂ ಮೂರು ವರ್ಷದಿಂದ ಮಾತು ಬಿಟ್ಟದ್ದು ಮೀನಿಗಾಗಿಯೇ. ಚೀನೀಯರ ಔತಣದಲ್ಲಿ ಇಡಿಯಾಗಿ ಬಡಿಸುವ ಮೀನಿನ ತಲೆ ಯಾರ ಕಡೆ ತಿರುಗಿದೆಯೋ ಆ ಮೇಜಿಗೆಲ್ಲ ಅವನೇ ದೊಡ್ಡವನು. ಅವನು ಮೊದಲ ತುತ್ತು ತಿನ್ನುವ ತನಕ ಉಳಿದವರು ಮೀನು ಮುಟ್ಟುವಂತಿಲ್ಲ. ಯಾರದೋ ಮದುವೆಯಲ್ಲಿ ಆ ತಲೆ ಟೆಂಗ್ ಹಾಯ್ ಕಡೆ ತಿರುಗಿತ್ತು. ಅವನು ಸಂಘದ ಅಧ್ಯಕ್ಷ, ಒಪ್ಪೋಣ. ಆದರೆ ಬೂನ್ ಸ್ಯೂ ಅವನಿಗಿಂತ ಐದು ವರ್ಷ ಹಿರಿಯ, ಎಂಬತ್ತು ದಾಟಿದವನು. ಅಂದು ಊಟ ಬಿಟ್ಟು ಎದ್ದುಹೋದ.

ಈ ಇಬ್ಬರ ನಡುವೆ ಸಿಕ್ಕಿಬಿದ್ದವಳು ಗೈಕ್ ಸಿಮ್. ಹಳೇ ಚೀನೀ ಪೇಟೆಯ ಓಣಿಯೊಂದರಲ್ಲಿ ಅವಳ ಮಾವ ಕಟ್ಟಿದ ಹೋಟೆಲು. ಗಂಡ ಬೆಂಗ್ ಹುನ್ ಒಲೆಯ ಮುಂದೆ, ಇವಳು ಬಡಿಸುವ ಕಡೆ. ನಲವತ್ತು ವರ್ಷದಿಂದ ಹೀಗೇ ನಡೆದಿದೆ. ಸಂಘದ ವಾರ್ಷಿಕ ಊಟವೂ ಅಷ್ಟೇ ವರ್ಷದಿಂದ ಇಲ್ಲೇ. ಆ ಊಟದ ಹೆಸರಿನಿಂದಲೇ ವರ್ತಕರ ಮನೆಗಳ ಮದುವೆ, ಅರವತ್ತರ ಹುಟ್ಟುಹಬ್ಬಗಳೆಲ್ಲ ಇಲ್ಲಿಗೆ ಬರುತ್ತಿದ್ದವು. ಅದು ತಪ್ಪಿದರೆ ಬಾಗಿಲು ಹಾಕುವುದೇ ಗತಿ.

ಈ ವರ್ಷದ ಊಟಕ್ಕೆ ಒಂದು ವಾರ ಇರುವಾಗ ಸಂಘದ ಕಾರ್ಯದರ್ಶಿ ಚೂನ್ ಲೆಕ್ ಬಂದು ಕುಳಿತ.

"ಅಕ್ಕಾ, ಮೂರು ವರ್ಷದಿಂದ ಊಟಕ್ಕೆ ಬರದ ಬೂನ್ ಸ್ಯೂ ಅಣ್ಣ ಈ ಸಲ ಬರ್ತಾರಂತೆ. ಗಲಾಟೆ ಆದ್ರೆ ಮುಂದಿನ ವರ್ಷ ಸಮುದ್ರದ ಕಡೆ ಇರೋ ಆ ದೊಡ್ಡ ಹೋಟ್ಲಿಗೆ ಹೋಗ್ತೀವಿ. ಅಲ್ಲಿ ಮೀನು ತುಂಡು ಮಾಡಿ, ಒಬ್ಬೊಬ್ಬರ ತಟ್ಟೆಗೆ ಬೇರೆಬೇರೆ ಹಾಕ್ತಾರಂತೆ. ತಲೇನೇ ಇರಲ್ಲ."

"ನಿಮ್ಮ ಸಂಘಕ್ಕೆ ಅದೇ ಸರಿ ಬಿಡು," ಎಂದಳು ಗೈಕ್ ಸಿಮ್. ಬಾಯಲ್ಲಿ ಹಾಗೆಂದರೂ ಅವನು ಹೋದದ್ದೇ ಅಡುಗೆಮನೆಗೆ ಓಡಿದಳು.

ಗಂಡನಿಗೆ ಹೇಳಿಕೊಂಡರೆ ಅವನು ಶುಂಠಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. "ಮೀನು ಬೇಯಿಸೋದು ನನ್ನ ಕೆಲಸ. ಅದು ಯಾರ ಮುಖ ನೋಡ್ಬೇಕು ಅನ್ನೋದು ನಿನ್ನ ಕೆಲಸ."

ಊಟದ ಮಧ್ಯಾಹ್ನ ಒಂದನೇ ಮೇಜಿನಲ್ಲಿ ಟೆಂಗ್ ಹಾಯ್ ಮತ್ತು ಬೂನ್ ಸ್ಯೂ ಎದುರುಬದುರು ಕುಳಿತರು. ನಡುವೆ ಚೂನ್ ಲೆಕ್, ಬೆವರುತ್ತ.

"ಆ ಕಡೆಯವರಿಗೆ ಕಡಲೆಬೀಜ ಬೇಕಾ ಕೇಳು," ಎಂದ ಟೆಂಗ್ ಹಾಯ್.

"ಹಲ್ಲಿರೋರೇ ತಿನ್ಕೊಳ್ಳಲಿ ಅಂತ ಹೇಳು," ಎಂದ ಬೂನ್ ಸ್ಯೂ. ಮೇಜಿನ ಅಗಲ ನಾಲ್ಕು ಮೊಳವೂ ಇಲ್ಲ, ಆದರೂ ಮಾತಿಗೊಬ್ಬ ದಲ್ಲಾಳಿ ಬೇಕು.

ತಣ್ಣನೆಯ ತಿನಿಸುಗಳು ಹೋದವು, ಸೂಪು ಹೋಯಿತು, ಬಾತುಕೋಳಿಯೂ ಹೋಯಿತು. ಮೀನಿನ ಸರದಿ ಬಂತು. ಬೆಂಗ್ ಹುನ್ ದೊಡ್ಡ ಮಾಂಜಿ ಮೀನನ್ನು ಹಬೆಯಿಂದ ಇಳಿಸಿ, ಮುಚ್ಚಳ ಹಾಕಿ ಹೆಂಡತಿಯ ಕೈಗಿತ್ತ. ಅವಳು ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತುಬಿಟ್ಟಳು. ತಲೆ ಅಧ್ಯಕ್ಷನ ಕಡೆ ಇಟ್ಟರೆ ಹಿರಿಯನಿಗೆ ಬಾಲ. ಹಿರಿಯನ ಕಡೆ ಇಟ್ಟರೆ ಅಧ್ಯಕ್ಷನಿಗೆ ಬಾಲ. ನಡುವೆ ಇಟ್ಟರೆ ಚೂನ್ ಲೆಕ್‌ಗೆ ಪಟ್ಟ ಕಟ್ಟಿದ ಹಾಗೆ, ಇಬ್ಬರೂ ಎದ್ದುಹೋಗುತ್ತಾರೆ.

"ಏನೇ, ಮೀನಿಗೆ ಮೊಟ್ಟೆ ಇಡಿಸ್ತಿದ್ದೀಯಾ?" ಎಂದು ಗಂಡ ಒಳಗಿನಿಂದ ಗದರಿದ ಮೇಲೆ ಕಾಲು ಮುಂದಿಟ್ಟಳು.

ಒಂದನೇ ಮೇಜಿನಲ್ಲಿ ಅಡುಗೆಮನೆಯ ಕಡೆ ಒಂದು ಜಾಗ ಯಾವಾಗಲೂ ಖಾಲಿ, ಬಡಿಸುವುದಕ್ಕೆಂದು. ಅಲ್ಲಿಂದ ಅವಳು ತಟ್ಟೆಯನ್ನು ಮೇಜಿನ ನಡುವಿನ ತಿರುಗುಹಲಗೆಯ ಅಂಚಿಗಿಟ್ಟು ಮುಚ್ಚಳ ತೆಗೆದಳು. ಮೀನಿನ ತಲೆ ಹೊರಕ್ಕೆ, ಅವಳ ಕಡೆಗೇ ಇತ್ತು. ಇನ್ನು ಹಲಗೆ ತಿರುಗಿಸಬೇಕು.

ತಿರುಗಿಸುತ್ತ ತಿರುಗಿಸುತ್ತ ಅವಳ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಯಿತು. ಬೆಂಗ್ ಹುನ್ ಕೊರಳಿಗೆ ಟವೆಲು ಹಾಕಿಕೊಂಡು ನಿಂತಿದ್ದ. ಮೀನು ಹೊರಗೆ ಹೋದಾಗಲೆಲ್ಲ ಮೊದಲ ತುತ್ತು ತಿನ್ನುವವರ ಮುಖ ನೋಡುವುದು ಅವನ ಹಳೇ ಚಾಳಿ. ಅವನನ್ನು ಕಂಡದ್ದೇ ಗೈಕ್ ಸಿಮ್‌ಗೆ ಮೇಜಿನ ಕಾಲಡಿಯ ರಟ್ಟು ನೆನಪಾಯಿತು.

ಆ ಹಳೇ ಕಟ್ಟಡದ ನೆಲ ಅಡುಗೆಮನೆಯ ಕಡೆಗೆ ಇಳಿಜಾರು. ಆ ಕಡೆಯ ಮೇಜಿನ ಕಾಲಿಗೆ ಹೋದ ವರ್ಷದ ಕ್ಯಾಲೆಂಡರಿನ ರಟ್ಟನ್ನು ಮಡಚಿ ಕೊಟ್ಟಿರದಿದ್ದರೆ ಹಲಗೆ ತನ್ನಷ್ಟಕ್ಕೆ ತಿರುಗಿ ಭಾರದ ತಟ್ಟೆಯನ್ನು ಅಡುಗೆಮನೆಯ ಕಡೆಗೇ ತರುತ್ತಿತ್ತು. ಗೈಕ್ ಸಿಮ್ ಹಲಗೆಯಿಂದ ಕೈ ತೆಗೆದಳು. ಕಾಲ ಬೆರಳಿನಿಂದ ರಟ್ಟನ್ನು ಮೆಲ್ಲಗೆ ಎಳೆದಳು.

ಮೇಜು ಕುಟುಕ್ಕೆಂದಿತು. ಟೆಂಗ್ ಹಾಯ್ ಎದುರಿಗೆ ಬಂದಿದ್ದ ಮೀನು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ಎಲ್ಲರ ಕಣ್ಣೂ ಅದರ ಜೊತೆಗೇ ತಿರುಗಿದವು. ಖಾಲಿ ಜಾಗಕ್ಕೆ ಬಂದು ನಿಂತಿತು. ಅದು ಮುಖ ಮಾಡಿದ್ದು ನೇರ ಬೆಂಗ್ ಹುನ್ ಕಡೆಗೆ.

"ಇದೇನ್ರೀ ಇದು!" ಎಂದ ಚೂನ್ ಲೆಕ್.

"ಮುಟ್ಟಬೇಡಿ, ಮೀನು ತಾನಾಗಿ ತಿರುಗಿದೆ," ಎಂದಳು ಗೈಕ್ ಸಿಮ್, ಕಾಲಡಿಯ ರಟ್ಟನ್ನು ಒತ್ತಿ ಹಿಡಿದು. "ಅದು ಯಾರ ಕಡೆ ನೋಡ್ತಿದ್ಯೋ ಅವರು ಮೊದಲ ತುತ್ತು ತಿನ್ಲಿ. ಇಲ್ಲ, ಉಪವಾಸ ಇರ್ತೀವಿ ಅಂದ್ರೆ ಇರಿ. ನಂಗೇನು?"

ಬೇರೆ ದಾರಿ ಇರಲಿಲ್ಲ. ಕುರ್ಚಿ ಬಂತು. ನಲವತ್ತು ವರ್ಷ ಈ ಮೇಜಿಗೆ ಬೇಯಿಸಿ ಹಾಕಿದವನು ಮೊದಲ ಸಲ ಅದರ ಮುಂದೆ ಕುಳಿತ, ಕುರ್ಚಿಯ ಅಂಚಿನಲ್ಲಿ, ಬಸ್ಸು ತಪ್ಪಿಹೋದೀತೆಂಬಂತೆ. ಮೀನಿನ ಕೆನ್ನೆಯ ತುಣುಕು ಬಾಯಿಗಿಟ್ಟು ಅಗಿದ. ಹೆಂಡತಿಯ ಮುಖ ನೋಡಿದ.

"ಒಂದು ನಿಮಿಷ ಜಾಸ್ತಿ ಬೇಯಿಸ್ಬಿಟ್ಟೆ," ಎಂದ.

ಮುದುಕರಿಬ್ಬರೂ ಗಬಕ್ಕನೆ ಒಂದೊಂದು ತುಂಡು ಬಾಯಿಗೆ ಹಾಕಿಕೊಂಡರು.

"ಒಂದಲ್ಲ, ಎರಡು!" ಎಂದರು ಒಟ್ಟಿಗೇ.

ಹೇಳಿಯಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ಶುಂಠಿನೂ ದಪ್ಪ," ಎಂದ ಬೂನ್ ಸ್ಯೂ. ದಲ್ಲಾಳಿಯನ್ನು ಬಿಟ್ಟು, ನೇರ ಟೆಂಗ್ ಹಾಯ್‌ಗೇ ಹೇಳಿದ.

"ಇವರಪ್ಪ ಹೆಚ್ತಿದ್ದ ಶುಂಠಿ ನೆನಪಿದ್ಯಾ ಅಣ್ಣಾ? ಕೂದಲೆಳೆ ಥರ ಇರ್ತಿತ್ತು!"

ಅಣ್ಣಾ ಎಂದದ್ದು ಕೇಳಿ ಬೂನ್ ಸ್ಯೂ ಮುಖ ಅರಳಿತು. "ಅಧ್ಯಕ್ಷರು ಹೇಳಿದ ಮೇಲೆ ಮುಗೀತು. ಇವನಿಗೇನು ಬರುತ್ತೆ?"

ಅಲ್ಲಿಂದ ಮುಂದೆ ಇಬ್ಬರೂ ಸೇರಿ ಬೆಂಗ್ ಹುನ್‌ನನ್ನು ಹಿಗ್ಗಾಮುಗ್ಗಾ ಬೈದರು. ಬೈಯುತ್ತಲೇ ಮೀನನ್ನು ಮುಳ್ಳು ಕಾಣುವ ತನಕ ಖಾಲಿ ಮಾಡಿದರು.

"ಹಾಗಾದ್ರೆ ಮುಂದಿನ ವರ್ಷ ಆ ದೊಡ್ಡ..." ಎಂದು ಚೂನ್ ಲೆಕ್ ಬಾಯಿ ತೆಗೆದ.

"ಇಲ್ಲೇ!" ಎಂದ ಟೆಂಗ್ ಹಾಯ್. "ನಾವು ಬರದೇ ಹೋದ್ರೆ ಇವನನ್ನ ತಿದ್ದೋರ್ಯಾರು?"

ಎಲ್ಲರೂ ಹೋದ ಮೇಲೂ ಬೆಂಗ್ ಹುನ್ ಆ ಕುರ್ಚಿ ಬಿಟ್ಟು ಏಳಲಿಲ್ಲ.

"ನನ್ನ ಮೀನು ಯಾವತ್ತಾದ್ರೂ ಜಾಸ್ತಿ ಬೆಂದಿದ್ದುಂಟಾ?"

"ಇಲ್ಲ."

"ಮುಚ್ಚಿದ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ?"

ಗೈಕ್ ಸಿಮ್ ತಲೆ ತಗ್ಗಿಸಿದಳು. "ಎರಡು ನಿಮಿಷ." ಮುಚ್ಚಳದಡಿಯ ಹಬೆಯಲ್ಲಿ ಮೀನು ಬೇಯುತ್ತಲೇ ಇದ್ದದ್ದು ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಹತ್ತು ಮೇಜಿನ ಮುಂದೆ ತಪ್ಪು ತನ್ನದೆಂದ. ಈ ಒರಟನ ಮೇಲೆ ಇಷ್ಟು ಪ್ರೀತಿ ಬಂದು ಎಷ್ಟು ಕಾಲವಾಗಿತ್ತೋ.

"ಇರಲಿ," ಎಂದು ಅವನು ಕಾಲು ಚಾಚಿದ. "ಮೀನಿನ ತಲೆ ನನ್ನ ಕಡೆ ಇದೆ. ಹೋಗು, ಚಹಾ ತಗೊಂಡ್ಬಾ."

ಅವಳು ಕಣ್ಣೊರೆಸಿಕೊಂಡಳು. ಬಗ್ಗಿ ರಟ್ಟನ್ನು ಮತ್ತೆ ಮೇಜಿನ ಕಾಲಿಗೆ ಕೊಟ್ಟಳು. ಟೆಂಗ್ ಹಾಯ್ ಕುಳಿತಿದ್ದ ಕುರ್ಚಿಯಲ್ಲಿ ಕುಳಿತು, ಒಂದು ಬೆರಳಿನಿಂದ ಹಲಗೆಯನ್ನು ತಿರುಗಿಸಿದಳು. ತಲೆ ಮತ್ತು ಮುಳ್ಳು ಮಾತ್ರ ಉಳಿದಿದ್ದ ಮೀನು ಬಂದು ಅವಳ ಮುಂದೆ ನಿಂತಿತು, ಅಲುಗಾಡಲಿಲ್ಲ.

"ಈಗ?" ಎಂದಳು.

ಬೆಂಗ್ ಹುನ್ ಮೀನನ್ನು ನೋಡಿದ, ಹೆಂಡತಿಯನ್ನು ನೋಡಿದ. ಎದ್ದು ನೀರು ಕಾಯಿಸಲು ಒಳಗೆ ಹೋದ.